ಎವರಿಸ್ಟೋನ ನೀಲಿ ಸಹಿ

ನಮ್ಮ ಎವರಿಸ್ಟೋ ಗಾಂದೋಲಾ ಕೂತಲ್ಲಿ ಕೂರುವ ಪ್ರಾಣಿಯಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಮೇಜಿನ ಕೆಳಗೆ ಅವನ ಬಲಗಾಲು ಬೈಕಿನ ಗೇರು ಹುಡುಕುತ್ತಿತ್ತು. ಮೆಕ್ಕೆಜೋಳದ ಮುದ್ದೆ ಪೊಲೆಂಟಾ ತಟ್ಟೆಗೆ ಬೀಳುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದಿರುತ್ತಿದ್ದ. "ನಾನು ಗಂಡನ್ನ ಕಟ್ಕೊಳ್ಳಲಿಲ್ಲ, ಬಿರುಗಾಳೀನ ಕಟ್ಕೊಂಡೆ" ಎಂದು ಹೆಂಡತಿ ಇರ್ಮಾ ಗೊಣಗುವಳು.

ನಾನು ಡೆಲ್ಫೀನಾ. ಸರೋವರದ ದಡದ ಗ್ರಿಯೋನಿ ಬೈಕು ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವವಳು. ನಾವು ಜೋಡಿಸಿದ್ದನ್ನು ಓಡಿಸಿ ನೋಡುವವನು ಅವನು. ಪ್ರತಿ ಗಾಡಿಯನ್ನೂ ಸಾನ್ ರೊಕ್ಕೊ ಇಗರ್ಜಿ ತನಕ ಗುಡ್ಡ ಹತ್ತಿಸಿ ಇಳಿಸಿ, ಹ್ಯಾಂಡಲಿಗೆ ಕಟ್ಟಿದ ಚೀಟಿಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಸಹಿ ಹಾಕಬೇಕು. ಆ ಸಹಿಯಿಲ್ಲದೆ ಯಾವ ಗಾಡಿಯೂ ಗೇಟು ದಾಟುವಂತಿಲ್ಲ.

ಗ್ರಿಯೋನಿ ಯಜಮಾನ ೧೯೨೨ರಲ್ಲಿ ಕುಲುಮೆಯಲ್ಲಿ ಮೊದಲ ಬೈಕು ಮಾಡಿ ಅದಕ್ಕೆ ತಾಯಿಯ ಹೆಸರಿಟ್ಟ: ಎರ್ಸಿಲಿಯಾ. ಅಲ್ಲಿಂದ ಮನೆಯ ಹೆಂಗಸರ ಹೆಸರಿಡುವುದೇ ಪದ್ಧತಿಯಾಯಿತು. ಹೆಂಡತಿಯ ಹೆಸರಿನ ಗಾಡಿ ಪಂದ್ಯ ಗೆದ್ದಿತು. ಹತ್ತು ಸಲ ಒದ್ದರೂ ಸ್ಟಾರ್ಟ್ ಆಗದ ಭಾರೀ ಗಾಡಿಗೆ ಅತ್ತೆಯ ಹೆಸರು, ಪಲ್ಮಿರಾ. ಅದು ಬೇಕಂತಲೇ ಇಟ್ಟದ್ದು ಬಿಡಿ. ಯುದ್ಧ ಮುಗಿದು ಯಾರ ಕೈಯಲ್ಲೂ ಒಂದು ಲೀರಾ ಕಾಸೂ ಇಲ್ಲದಾಗ ಬಂದ ಅರವತ್ತೈದು ಸಿಸಿಯ ಪುಟ್ಟ ನೇನೆ, ಮಗಳ ಹೆಸರಿನದು, ಊರಿಗೇ ಊಟ ಹಾಕಿತು. ಆಮೇಲೆ ಸಣ್ಣ ಕಾರುಗಳು ಬಂದವು, ನಮ್ಮ ಗಾಡಿ ಕೇಳುವವರಿಲ್ಲ. ೧೯೬೬ರಲ್ಲಿ ಮೊಮ್ಮಗಳ ಹೆಸರಿನ ಏಳುನೂರು ಸಿಸಿಯ ಫೌಸ್ಟಾ ತಂದರು. ಅದೂ ಸೋತರೆ ಕಾರ್ಖಾನೆಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಆ ಬೆಳಿಗ್ಗೆ, ಮೊದಲ ಲಾರಿಗೆ ಹೋಗಬೇಕಿದ್ದ ಗಾಡಿಗಳಲ್ಲಿ ಹತ್ತೊಂಬತ್ತನೆಯ ಫೌಸ್ಟಾ ಗುಡ್ಡ ಇಳಿದು ಬರುತ್ತಿತ್ತು. ಕಿಟಕಿಯಲ್ಲಿ ನಿಂತ ನನಗೇ ಕೇಳಿಸಿತು: ಎಂಜಿನ್ನಿನೊಳಗೆ ಠಕ್, ಠಕ್. ಬೇರಿಂಗು ಹೋಗಿದೆ. ವೇಗದಲ್ಲಿ ಎಂಜಿನ್ ಹಿಡಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತದೆ, ಸವಾರನ ಕಥೆ ಮುಗಿಯುತ್ತದೆ. ಆ ಎಂಜಿನ್ ಜೋಡಿಸಿದವಳೂ ನಾನೇ. ಎವರಿಸ್ಟೋ ಇಳಿದ, ಸಹಿ ಜಡಿದ, ಮುಂದಿನ ಗಾಡಿಯ ಕಡೆ ನಡೆದ.

ಓಡಿಹೋಗಿ ಹಿಂದಿನಿಂದ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಊಹೂಂ. ಭುಜ ಹಿಡಿದು ಎಳೆದೆ.

"ಕಿವಿ ಕೇಳಲ್ವೇನೋ ಮಾರಾಯ ನಿಂಗೆ?"

ಅವನು ನನ್ನ ತುಟಿ ನೋಡಿದ. "ನಿಧಾನಕ್ಕೆ ಮಾತಾಡೇ," ಎಂದ. "ಎಡಗಿವಿ ಹೋಗಿ ನಾಲ್ಕು ವರ್ಷ. ಈ ಚಳಿಗಾಲದಲ್ಲಿ ಬಲಗಿವೀನೂ ಕೈಕೊಡ್ತು."

"ಮತ್ತೆ ಯಾವ ಧೈರ್ಯದ ಮೇಲೆ ಸಹಿ ಹಾಕ್ತೀಯ?"

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ತೋರಿಸಿದ. "ಹೀಗೆ. ಹಲ್ಲಲ್ಲಿ ಎಲ್ಲಾ ಕೇಳ್ಸುತ್ತೆ."

"ನಿಂತ ಗಾಡೀಲಿ ಕೇಳ್ಸುತ್ತೆ. ಏರಿನಲ್ಲಿ ಹಲ್ಲು ಎಲ್ಲಿಡ್ತೀಯೋ ಕೋಡಂಗಿ? ಈ ಹತ್ತೊಂಬತ್ತನೇದು ಒಳಗೇ ಠಕಠಕ ಅಂತಿದೆ!"

ಅವನ ಮುಖ ಬಿಳಿಚಿಕೊಂಡಿತು. "ಡೆಲ್ಫೀನಾ, ಗೊತ್ತಾದ್ರೆ ನನ್ನನ್ನ ಉಗ್ರಾಣದಲ್ಲಿ ಕೂರಿಸ್ತಾರೆ. ನಟ್ಟು ಎಣಿಸ್ಕೊಂಡು ಕೂತ್ರೆ ನಾನು ಸತ್ತೇ ಹೋಗ್ತೀನಿ ಕಣೇ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಅದೊಂದನ್ನ ನಾನೇ ಬಿಚ್ಚಿ ಸರಿ ಮಾಡ್ತೀನಿ. ಯಾರ ಮುಂದೂ ಬಾಯಿ ಬಿಡಲ್ಲ," ಎಂದುಬಿಟ್ಟೆ. ಹಾಗನ್ನಬಾರದಿತ್ತು, ನನಗೂ ಗೊತ್ತು.

ಅವನು ಅಂಗಳದ ಆ ಗೋಡೆಯಿಂದ ಈ ಗೋಡೆಗೆ ಶತಪಥ ಹಾಕಿದ. ಪೆನ್ಸಿಲು ತೆಗೆದ, ಜೇಬಿಗಿಟ್ಟ, ಮತ್ತೆ ತೆಗೆದ. ಕೊನೆಗೆ ನನ್ನ ಮುಂದೆ ಬಂದು ನಿಂತ.

"ಉಳಿದ ಹದಿನೆಂಟರ ಕಥೆ?"

ನಾನು ಅವನ ಸಹಿ ಹೊತ್ತು ನಿಂತ ಗಾಡಿಗಳ ಕಡೆ ತಿರುಗಿದೆ.

ಮಧ್ಯಾಹ್ನದ ಸೈರನ್ ಕೂಗಿ ಜನ ಹೊರಗೆ ಬರುತ್ತಿದ್ದಂತೆ, ಅವನು ಸಾಲಾಗಿ ನಿಂತ ಫೌಸ್ಟಾಗಳ ಬಳಿ ಹೋಗಿ ತನ್ನ ಸಹಿಯಿದ್ದ ಚೀಟಿಗಳನ್ನು ಒಂದೊಂದಾಗಿ ಹರಿಯತೊಡಗಿದ. ಮೇಸ್ತ್ರಿ ಪಿಯೆರಾಂಜೆಲೊ ಓಡಿ ಬಂದ.

"ತಲೆ ಕೆಟ್ಟಿದ್ಯೇನಯ್ಯಾ? ಹೊರಗೆ ಲಾರಿ ನಿಂತಿದೆ!"

"ನಾನು ಕಿವುಡ," ಎಂದ ಎವರಿಸ್ಟೋ, ಇಡೀ ಅಂಗಳಕ್ಕೆ ಕೇಳುವಂತೆ. "ಎಲ್ಲಾನೂ ಬೇರೆಯವ್ರ ಕೈಲಿ ಓಡಿಸಿ."

ಲಾರಿ ಬರಿದೇ ವಾಪಸು ಹೋಯಿತು. ಎರಡು ದಿನ ಮೇಸ್ತ್ರಿಯೇ ಶಪಿಸುತ್ತ ಒಂದೊಂದು ಗಾಡಿಯನ್ನೂ ಗುಡ್ಡ ಹತ್ತಿಸಿದ. ಎವರಿಸ್ಟೋನನ್ನು ಉಗ್ರಾಣಕ್ಕೆ ಹಾಕಿದರು. ಮೂರನೆಯ ದಿನ ಊಟದ ಹೊತ್ತಿಗೆ ಅವನು ನನ್ನನ್ನು ಹುಡುಕಿಕೊಂಡು ಬಂದ.

"ಎಷ್ಟು ಗಾಡಿ ಕೆಟ್ಟಿದ್ವೇ?"

ಏಳು ಗಾಡಿ ಎಂದು ಸುಳ್ಳು ಹೇಳಬೇಕೆಂದು ಬೆಳಿಗ್ಗೆಯಿಂದ ನಿಶ್ಚಯಿಸಿಕೊಂಡಿದ್ದೆ. ಕೆಲಸ ಕಳಕೊಂಡದ್ದಕ್ಕೆ ಏನಾದರೂ ಅರ್ಥ ಸಿಗಲಿ ಪಾಪ ಎಂದು. ಅವನ ಮುಖ ನೋಡಿದ ಮೇಲೆ ನಾಲಿಗೆ ಹೊರಳಲಿಲ್ಲ.

"ಒಂದೇ," ಎಂದು ತಲೆ ತಗ್ಗಿಸಿಕೊಂಡು ಪಿಸುಗುಟ್ಟಿದೆ.

"ಆಂ? ಜೋರಾಗಿ ಹೇಳು."

"ಒಂದೇ ಕಣೋ!" ಕಿರುಚಿದೆ. ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು.

ಅವನು ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದ. "ಹದಿನೆಂಟೂ ಸರಿಯಿತ್ತಾ?"

ಹೌದೆಂದು ತಲೆಯಾಡಿಸಿದೆ.

"ನೋಡ್ದ್ಯಾ!" ಎಂದ, ಮುಖವೆಲ್ಲ ಅರಳಿಸಿಕೊಂಡು. "ಕಿವಿ ಇಲ್ದೇನೂ ಹದಿನೆಂಟು!"

ಆಮೇಲೆ ಉಗ್ರಾಣದ ಬಾಗಿಲು ತೆಗೆದು ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತ.