ಗಣಿಬಾವಿಯ ಉಸಿರು

ನಾನೂರ ಹನ್ನೆರಡು ಮನೆ, ಒಂದು ಆಸ್ಪತ್ರೆ, ಎರಡು ಶಾಲೆ, ಒಂದು ಕ್ಲಬ್ಬು. ಜನಸಂಖ್ಯೆ ಮಾತ್ರ ಒಂದೇ. ಆ ಒಂದನ್ನು ಬೆಟ್ಟದ ಕೆಳಗಿನ ಪೇಟೆಯವರು ಗಂಟೆಯಣ್ಣ ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದೆ ಗಣಿ ಮುಚ್ಚಿ, ಊರಿಗೆ ಊರೇ ಗಂಟುಮೂಟೆ ಕಟ್ಟಿದಾಗ ಇವನೊಬ್ಬ ಉಳಿದ. ಹಾಗಾಗಿ ಊರಿನ ಅಧ್ಯಕ್ಷತೆ, ಪೊಲೀಸುಗಿರಿ, ಕಸ ಗುಡಿಸುವುದು ಎಲ್ಲವೂ ಅವಿರೋಧವಾಗಿ ಇವನ ಪಾಲಿಗೇ ಬಂದವು. ಮೊದಲ ವಾರ ಮ್ಯಾನೇಜರರ ಬಂಗಲೆಯಲ್ಲಿ ಮಲಗಿ ನೋಡಿದ. ಇವನು ಸೀನಿದರೆ ಏಳು ಕೋಣೆಗಳೂ ತಿರುಗಿ ಸೀನಿದವು. "ಈ ದೊಡ್ಡಸ್ತಿಕೆ ನಮಗಾಗೋದಲ್ಲ" ಎಂದು ಹಾಸಿಗೆ ಸುತ್ತಿಕೊಂಡು ತನ್ನ ಹಳೆಯ ಒಂಟಿಕೋಣೆಗೇ ಮರಳಿದ.

ಗಣಿ ನಡೆಯುತ್ತಿದ್ದಾಗ ಬಾವಿಯ ಬಾಯಲ್ಲಿ ನಿಂತು ಗಂಟೆ ಹೊಡೆಯುವುದು ಅವನ ಕೆಲಸ. ಒಂದು ಹೊಡೆದರೆ ಲಿಫ್ಟು ನಿಲ್ಲಬೇಕು, ಎರಡು ಹೊಡೆದರೆ ಇಳಿಯಬೇಕು. ಮೂರು ಹೊಡೆದರೆ, ಮನುಷ್ಯರು ಮೇಲೆ ಬರುತ್ತಿದ್ದಾರೆ, ಹುಷಾರು! ಆ ಯಂತ್ರಗಳ ಗದ್ದಲ ನಿಂತ ಮೇಲೆಯೇ ಅವನಿಗೆ ಗೊತ್ತಾದದ್ದು, ಬಾವಿ ಉಸಿರಾಡುತ್ತದೆ ಎಂದು. ಬಿಸಿಲು ಬಲಿತ ದಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಮಳೆಗೆ ಮುಂಚೆ ಹೊರಗೆ ಬಿಡುತ್ತದೆ. ಎರಡು ಸಾವಿರ ಅಡಿ ಆಳದ ಎದೆ! ಬಾವಿಯ ಸುತ್ತಲಿನ ಕಟಕಟೆಗೆ ಹಳೇ ಟವೆಲಿನ ಚಿಂದಿ ಕಟ್ಟಿ ದಿನವೂ ನೋಡುತ್ತಿದ್ದ. ನೋಡುವಾಗ ತನ್ನ ಉಸಿರನ್ನು ತಾನೇ ಬಿಗಿಹಿಡಿಯುತ್ತಿದ್ದ.

ತಿಂಗಳಿಗೊಮ್ಮೆ ಅಕ್ಕಿಬೇಳೆ ಹೊತ್ತು ತರುವ ತಂಗಿ ರೇಗುತ್ತಿದ್ದಳು. "ಅಣ್ಣ, ಒಂದು ತೂತಿನ ಜತೆ ಸಂಸಾರ ಮಾಡ್ತಿದ್ದೀಯಲ್ಲೋ! ನಮ್ಮನೇಲಿ ಬಂದಿರಬಾರ್ದಾ?"

"ನಿಮ್ಮನೇಲಿ ಎಲ್ಲರೂ ಮಾತಾಡೋರೇ ಕಣಮ್ಮ. ಇದು ಕೇಳಿಸ್ಕೊಳ್ಳುತ್ತೆ."

ಒಂದು ದಿನ ಜೀಪು ಬಂತು. ಇಳಿದ ಇಂಜಿನಿಯರ್ ಸಾಹೇಬರಿಗಿಂತ ಅವರ ಫೈಲು ಒಂದು ಹಿಡಿ ಹೆಚ್ಚೇ ಗಂಭೀರವಾಗಿತ್ತು. ಬಾವಿ ಸತ್ತಿದೆ, ಯಾರಾದರೂ ಬಿದ್ದಾರು, ಮೇಲೆ ಕಾಂಕ್ರೀಟು ಹಾಕಿ ಗಾಳಿಯೂ ನುಸುಳದಂತೆ ಮುಚ್ಚಬೇಕು ಎಂದು ಆದೇಶ.

ಗಂಟೆಯಣ್ಣ ಕಟಕಟೆಗೆ ಅಡ್ಡ ನಿಂತ. ಬೀಳದಂತೆ ಮುಚ್ಚಲಿ, ಬೇಡ ಎಂದವರಾರು? ಆದರೆ ಉಸಿರು ಕಟ್ಟಿಸಿ ಮುಚ್ಚುವುದೇ?

"ಸ್ವಾಮಿ, ಇದು ಸತ್ತಿಲ್ಲ. ಉಸಿರಾಡ್ತಿದೆ."

"ಒಬ್ರೇ ಇದ್ದೂ ಇದ್ದೂ ಹಾಗನ್ಸುತ್ತೆ ಅಜ್ಜ. ನೋಡಿ, ಸತ್ತಿದೆ ಅಂತ ಮೂರು ಜನ ಸಹಿ ಹಾಕಿದ್ದಾರೆ."

"ಮೂರು ಜನ ಸಹಿ ಹಾಕಿದ್ರೆ ನಾನೂ ಸತ್ತೆ ಅಂತಾನೇ ಲೆಕ್ಕ. ಒಂದು ಲೋಟ ಚಹಾ ಕುಡೀರಿ, ಅಷ್ಟರಲ್ಲಿ ಮೋಡ ಬರುತ್ತೆ."

ಚಹಾ ಎರಡು ಲೋಟವಾಯಿತು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಒಳಮುಖವಾಗಿ ಬಾಗಿದ್ದ ಚಿಂದಿ ಸಡಿಲಾಯಿತು, ಜೋತುಬಿತ್ತು, ಮೆಲ್ಲಗೆ ತಲೆಯೆತ್ತಿತು. ಬಗ್ಗಿ ನೋಡುತ್ತಿದ್ದ ಸಾಹೇಬರ ಕೈಯಿಂದ ಆದೇಶದ ಹಾಳೆ ಜಾರಿತು. ಆದರೆ ಬಾವಿಗೆ ಬೀಳಲಿಲ್ಲ. ತೇಲಿತು, ಮೇಲೇರಿತು, ಅವರ ತಲೆಯನ್ನೂ ದಾಟಿ ಹೋಯಿತು. ಸರ್ಕಾರದ ಕಾಗದವನ್ನು ಅಷ್ಟು ಮರ್ಯಾದೆಯಿಂದ ಯಾರೂ ವಾಪಸ್ಸು ಕಳಿಸಿರಲಿಲ್ಲ.

"ಹೊರಗೆ ಒತ್ತಡ ಕಡಿಮೆ ಆದಾಗ..." ಎಂದು ಸಾಹೇಬರು ಪಾಠ ಶುರು ಮಾಡಿದರು. ಒದ್ದೆ ಕಲ್ಲಿನ ವಾಸನೆಯ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಪಾಠ ಅಲ್ಲಿಗೇ ನಿಂತಿತು. ಹಾಳೆಯನ್ನು ಹೆಕ್ಕಿ ತರುವುದನ್ನೂ ಮರೆತು ಕಟಕಟೆ ಹಿಡಿದು ನಿಂತೇ ಇದ್ದರು.

ಹೋಗುವಾಗ ಪೆನ್ನು ತೆಗೆದು ಫೈಲಿನಲ್ಲಿದ್ದ ಮುಚ್ಚಳದ ನಕ್ಷೆಯ ನಡುವೆ ಒಂದು ಸಣ್ಣ ಸೊನ್ನೆ ಸುತ್ತಿದರು. "ಇಲ್ಲೊಂದು ಪೈಪ್ ಇಡಿಸ್ತೀನಿ ಅಜ್ಜ."

ಕಾಂಕ್ರೀಟು ಬಿತ್ತು. ನಡುವೆ ತೋಳುದಪ್ಪದ ಪೈಪು. ನಾಲ್ಕು ದಿನ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಪೈಪಿಗೆ ಕಿವಿಯಿಟ್ಟರೆ ಬರೀ ಮೌನ. ಗಂಟೆಯಣ್ಣ ಊಟದ ತಟ್ಟೆಯನ್ನೂ ಪೈಪಿನ ಪಕ್ಕಕ್ಕೇ ತಂದು ಕೂತ.

ಐದನೆಯ ದಿನ ಮೋಡ ಕವಿಯಿತು. ಪೈಪು ಮೊದಲು ನಿಟ್ಟುಸಿರಿಟ್ಟಿತು, ಆಮೇಲೆ ಗುಂಯ್ಗುಟ್ಟಿತು, ಕಡೆಗೆ ತುಂಬುದನಿಯಲ್ಲಿ ಹಾಡತೊಡಗಿತು. ಬಂಗಲೆಯ ಏಳು ಕೋಣೆಗಳೂ ನಾನೂರ ಹನ್ನೆರಡು ಮನೆಗಳ ಕಿಟಕಿಗಳೂ ಓಗೊಟ್ಟವು.

ಏನು ಮಾಡಬೇಕೋ ತೋಚದೆ, ಗಂಟೆಯಣ್ಣ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಓಡಿಹೋಗಿ ಗಂಟೆಯನ್ನು ಮೂರು ಸಲ ಹೊಡೆದ.