ಮೆಹತಾಬ್ ನಿಂತ ಸಾಲು

ಮೆಹತಾಬ್ ಜೊತೆ ನನಗೆ ಎಷ್ಟು ಸಲ ಜಗಳವಾಗಿದೆಯೋ ಹೇಳಲಾರೆ. ರವಿಕೆಯ ತೋಳು ಬಿಗಿಯಾಯಿತೆಂದು ಆಗಿದೆ, ಗೌರಿ ಹಬ್ಬಕ್ಕೆ ಕೊಡುತ್ತೇನೆಂದು ಗೌರಿಯನ್ನು ನೀರಿಗೆ ಬಿಟ್ಟ ಮೇಲೆ ಕೊಟ್ಟಳೆಂದು ಆಗಿದೆ. ಒಮ್ಮೆ ಅಂಗಡಿ ತುಂಬ ಜನರಿದ್ದಾಗ, "ಮಾಲಿನಿ, ಹೋದ ವರ್ಷದ ಅಳತೆ ಮರೆತ್ಬಿಡು ಕಣೇ" ಎಂದಳು. ಅದಕ್ಕೆ ನಾನು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಆದರೂ ಈ ತುಮಕೂರಿನಲ್ಲಿ ಯಾರನ್ನು ಕಂಡರೆ ನಿನಗೆ ಹೆಮ್ಮೆ ಎಂದು ಯಾರಾದರೂ ಕೇಳಿದರೆ, ದೊಡ್ಡವರ ಹೆಸರು ಹುಡುಕಲು ನಾನು ಹೋಗುವುದಿಲ್ಲ. ನಮ್ಮ ಗಲ್ಲಿಯ ಟೈಲರ್ ಮೆಹತಾಬ್ ಎನ್ನುತ್ತೇನೆ. ಯಾಕೆಂದು ಕೇಳುವವರಿಗೆ ಕೂತು ಹೇಳಬೇಕಾಗುತ್ತದೆ.

ಅವಳು ಹುಟ್ಟಿದ್ದು ಕುಣಿಗಲ್‌ನಲ್ಲಿ. ಅವಳ ಅಪ್ಪ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಒದೆಯುವ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಹೊಡೆಯುವವರ ಮಗಳಿಗೆ ಹೆದರಿಕೆ ಎಲ್ಲಿಂದ ಬರಬೇಕು! ಮದುವೆಯಾಗಿ ಮಂಡಿಪೇಟೆ ಹಿಂದಿನ ನಮ್ಮ ಗಲ್ಲಿಗೆ ಬಂದಳು. ಗಂಡ ಉಮೇರ್ ಬಾಗಿಲು, ಮಂಚಗಳಿಗೆ ಪಾಲಿಶ್ ಹಾಕುವವರು. ಆಳು ಎತ್ತರ, ಮಾತು ಮೆತ್ತಗೆ. ಮನೆಯ ಮುಂದಿನ ಕೋಣೆಯಲ್ಲೇ ಮೆಹತಾಬ್ ಹೊಲಿಗೆ ಮೆಷಿನ್ ಹಾಕಿಕೊಂಡಳು. ಪಕ್ಕದ ಗೂಡಿನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದರೊಳಗೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರದೇ ದನಿ, ತರೀಕೆರೆ ಚೂಡಾಮಣಿಯವರದು.

ಭಾವಗೀತೆ ಹಾಡುವವರಲ್ಲಿ ಚೂಡಾಮಣಿಯವರ ಗಂಟಲು ಬೇರೆಯೇ. ಸಕ್ಕರೆ ಪಾಕದಂಥ ದನಿ ಅಲ್ಲ ಅದು. ಸ್ವಲ್ಪ ಒರಟು. ಮನೆಗೆಲಸ ಎಲ್ಲ ಮುಗಿಸಿ ಬಂದು ಹಾಡಿದವರ ಹಾಗೆ ಇರುತ್ತಿತ್ತು. ಹಾಡು ನಡೆಯುವಾಗ ಗಿರಾಕಿ ಬಂದರೆ ಮೆಹತಾಬ್ ಕೈಸನ್ನೆಯಲ್ಲೇ ಕೂರು ಎನ್ನುತ್ತಿದ್ದಳು. ಹಾಡು ಮುಗಿಯುವವರೆಗೆ ಯಾವ ರಾಣಿಯಾದರೂ ಸ್ಟೂಲಿನ ಮೇಲೆ ಕಾಯಬೇಕು. "ನಮ್ಮನೇಲಿ ನಾವಿಬ್ರೇ ಅಲ್ಲ ಟೀಚರ್, ಮೂವರಿದೀವಿ" ಎಂದು ಉಮೇರ್ ನಗುತ್ತಿದ್ದರು. ನನಗೂ ಆ ಹುಚ್ಚು ಅಂಟಿದ್ದು ಆ ಸ್ಟೂಲಿನ ಮೇಲೆಯೇ. ಕ್ಯಾತ್ಸಂದ್ರದ ಶಾಲೆ ಮುಗಿಸಿ ಬಸ್ಸಿಳಿದವಳು ಮನೆಗೆ ಹೋಗುವ ಮೊದಲು ಅಲ್ಲಿ ಕೂರುತ್ತಿದ್ದೆ. ಇಬ್ಬರಿಗೂ ಇದ್ದದ್ದು ಒಂದೇ ಆಸೆ, ಆ ಹೆಂಗಸು ಎದುರಿಗೆ ಕೂತು ಹಾಡುವುದನ್ನು ಒಮ್ಮೆ ಕೇಳಬೇಕು. ನನಗೆ ಅದು ಆಸೆ. ಅವಳಿಗೆ ಹಟ.

ಆಗಿನ ಕಾಲದಲ್ಲಿ ಕಾರ್ಯಕ್ರಮದ ಟಿಕೆಟ್ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಹೆಂಗಸರಿಗೆ ಟಿಕೆಟ್ ಇರಲಿಲ್ಲ, ಪಾಸ್ ಇತ್ತು. ಸಮಿತಿಯವರ ಹೆಂಡತಿ, ನಾದಿನಿ, ಬೀಗಿತ್ತಿ, ಅವರ ಪಕ್ಕದ ಮನೆಯವರು, ಹೀಗೆ ಪಾಸುಗಳು ಒಂದು ಸುತ್ತು ಹೊಡೆದು ಖರ್ಚಾಗುತ್ತಿದ್ದವು. ಉಳಿದವರು ಬೇಕಾದರೆ ಗಂಡನನ್ನೋ ಅಣ್ಣನನ್ನೋ ಕೌಂಟರಿಗೆ ಅಟ್ಟಬೇಕು. ಗುಬ್ಬಿಗೆ ಚೂಡಾಮಣಿ ಬಂದಾಗ ಮೆಹತಾಬ್‌ಗೆ ಯಾರೋ ಪಾಸ್ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದರು. ನಾವಿಬ್ಬರೂ ಸೀರೆ ಉಟ್ಟು ಬಸ್ ಹತ್ತಿ ಹೋದೆವು. ಆ ಪಾಸ್ ಅಷ್ಟರಲ್ಲಿ ಬೇರೆ ಯಾರದೋ ಅತ್ತಿಗೆಯ ಕೈ ಸೇರಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಹಿಂದಕ್ಕೆ ಬಂದೆವು. ಆಮೇಲೆ ಕುಣಿಗಲ್‌ಗೆ ಬಂದಾಗ ಉಮೇರ್ ಕ್ಯೂನಲ್ಲಿ ನಿಂತರು. ನೂಕುನುಗ್ಗಲಲ್ಲಿ ಎತ್ತಿ ಬಿಸಾಡಿದ ಹಾಗೆ ಆಚೆ ಬಂದರು. ಟಿಕೆಟ್ ಸಿಗಲಿಲ್ಲ, ಅಂಗಿಯ ಗುಂಡಿಗಳೂ ಉಳಿಯಲಿಲ್ಲ. ಮಾರನೆಯ ದಿನ ಮೆಹತಾಬ್ ಹೊಸ ಗುಂಡಿ ಹಾಕುತ್ತಾ ಹೇಳಿದಳು, "ಇನ್ಮೇಲೆ ಯಾರೂ ನನಗೋಸ್ಕರ ಹೋಗೋದ್ ಬೇಡ. ನಾನೇ ಹೋಗ್ತೀನಿ."

ನಾನು ನಕ್ಕೆ. ಆ ಕ್ಯೂನಲ್ಲಿ ಹೆಂಗಸು ನಿಲ್ಲುವುದುಂಟೇ ಎಂದೆ. ಅವಳು ದಾರ ಕಚ್ಚಿ ಹರಿದಳು.

ತೊಂಬತ್ತೊಂಬತ್ತರಲ್ಲಿ ತುಮಕೂರಿನಲ್ಲೇ ಸುಗಮ ಸಂಗೀತೋತ್ಸವ ಎಂದು ಗೋಡೆಗಳ ಮೇಲೆಲ್ಲ ಪೋಸ್ಟರ್ ಬಿತ್ತು. ಬಿ.ಎಚ್. ರಸ್ತೆಯ ಸಭಾಂಗಣ, ಕೊನೆಯ ಸಂಜೆ ಚೂಡಾಮಣಿ. ಸಮಿತಿಯ ಕಾರ್ಯದರ್ಶಿ ಗೊಬ್ಬರದ ಅಂಗಡಿ ಷಡಕ್ಷರಿಯವರು. ಅವರ ಅಂಗಡಿಯ ಪಕ್ಕದ ಕಿಟಕಿಯೇ ಟಿಕೆಟ್ ಕೌಂಟರ್. ಒಂದು ಶನಿವಾರ ಮಧ್ಯಾಹ್ನ ಟಿಕೆಟ್ ಕೊಡುವುದೆಂದು ನಿಗದಿಯಾಯಿತು. ಶನಿವಾರ ನನಗೆ ಬೆಳಗಿನ ಶಾಲೆ. ಮುಗಿಸಿಕೊಂಡು ನೇರ ಅಲ್ಲಿಗೇ ಬರುತ್ತೇನೆ ಎಂದು ಹೇಳಿದ್ದೆ.

ಮೊದಲ ಭಾಗ ನಾನು ಕಣ್ಣಾರೆ ಕಂಡದ್ದಲ್ಲ. ಅಲ್ಲಿದ್ದ ಹೂವಿನ ಭದ್ರಮ್ಮ ಹೇಳಿದ್ದು. ಭದ್ರಮ್ಮ ಯಾವ ಸುದ್ದಿಗೂ ಸ್ವಲ್ಪ ಉಪ್ಪು ಖಾರ ಹಚ್ಚುವವಳೇ. ಆದರೆ ಇದನ್ನು ಊರೆಲ್ಲ ಒಂದೇ ರೀತಿ ಹೇಳಿತು, ಆದ್ದರಿಂದ ನಂಬುತ್ತೇನೆ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಕಿಟಕಿಯ ಎಡಗಡೆ ಗಂಡಸರು ರಸ್ತೆ ತಿರುವಿನವರೆಗೂ ನಿಂತಿದ್ದರು. ನಿಂತಿದ್ದರು ಎನ್ನುವುದಕ್ಕಿಂತ ಒಬ್ಬರ ಮೇಲೊಬ್ಬರು ಒರಗಿದ್ದರು. ಕಿಟಕಿಯ ಬಲಗಡೆ ಖಾಲಿ. ಅಲ್ಲಿ ಮೆಹತಾಬ್ ಒಬ್ಬಳೇ, ಬುರ್ಖಾದ ತೋಳನ್ನು ಮೊಣಕೈವರೆಗೆ ಸರಿಸಿಕೊಂಡು, ಗೋಡೆಗೆ ಭುಜ ತಾಗಿಸಿ ನಿಂತಿದ್ದಳು. ಷಡಕ್ಷರಿಯವರು ಬೀಗದ ಕೈ ಗೊಂಚಲು ಹಿಡಿದು ಬಂದರು.

"ಏನಮ್ಮ, ಇಲ್ಯಾಕ್ ನಿಂತಿದೀರಾ? ಕ್ಯೂ ಆ ಕಡೆ."

"ಅದು ಗಂಡಸ್ರ ಕ್ಯೂ ಸಾರ್. ಇದು ಲೇಡೀಸ್ ಕ್ಯೂ."

"ಲೇಡೀಸ್ ಕ್ಯೂನಾ? ಯಾರಿದಾರೆ ಇದ್ರಲ್ಲಿ?"

"ನಾನಿದೀನಲ್ಲ."

ಗಂಡಸರ ಸಾಲಿನಲ್ಲಿ ನಗು ಎದ್ದಿತು. ಯಾರೋ ಶಿಳ್ಳೆ ಹಾಕಿದರಂತೆ. ಷಡಕ್ಷರಿಯವರು ಕೆಟ್ಟ ಮನುಷ್ಯರಲ್ಲ, ಸಮಾಧಾನವಾಗಿಯೇ ಹೇಳಿದರು. "ಮನೆಯವ್ರನ್ನ ಕಳ್ಸಿ ತಾಯಿ. ನಿಮಗ್ಯಾಕೆ ಈ ಕಷ್ಟ."

"ಕಳ್ಸಿದ್ದಾಯ್ತು ಸಾರ್. ಅಂಗಿಗೆ ಗುಂಡಿ ಹಾಕಿ ಹಾಕಿ ನಂಗೂ ಸಾಕಾಯ್ತು."

"ನೋಡಿ, ಲೇಡೀಸ್ ಕ್ಯೂ ಮಾಡಿದ್ರೆ ಏನಾಗತ್ತೆ ನಂಗೊತ್ತು. ಟಾಕೀಸಲ್ಲಿ ನೋಡಿಲ್ವಾ? ಒಬ್ಬ ಹೆಂಗಸು ನಿಂತ್ರೆ ಹತ್ತು ಗಂಡಸ್ರು ಬಂದು ಅಕ್ಕ ನಂಗೊಂದು, ಅಕ್ಕ ನಂಗೊಂದು ಅಂತ ದುಡ್ಡು ತುರುಕ್ತಾರೆ. ಕೊನೆಗೆ ಆ ಟಿಕೆಟೆಲ್ಲ ಗಂಡಸ್ರಿಗೇ ಹೋಗೋದು. ಗಲಾಟೆ ನಮ್ ತಲೆ ಮೇಲೆ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮೂರಿನ ಹೆಂಗಸರು ಟಾಕೀಸಿನ ಮುಂದೆ ಯಾವಾಗಲೂ ಬೇರೆಯವರ ಟಿಕೆಟ್ಟಿಗೆ ನಿಂತವರೇ. ಮೆಹತಾಬ್ ಸ್ವಲ್ಪ ಯೋಚಿಸಿದಳು. "ಒಬ್ರಿಗೆ ಒಂದೇ ಟಿಕೆಟ್ ಕೊಡಿ ಸಾರ್. ಯಾರ್ ನಿಂತಿರ್ತಾರೋ ಅವರಿಗೆ ಮಾತ್ರ. ಬೇರೆಯವ್ರಿಗೆ ಅಂತ ಒಬ್ಳು ತಗೊಂಡ್ರೂ ಕಿಟಕಿ ಮುಚ್ಚಿಬಿಡಿ. ನಾನು ನೋಡ್ಕೋತೀನಿ."

ಷಡಕ್ಷರಿಯವರು ಒಪ್ಪಿದರೋ, ಬೇಸತ್ತರೋ ಗೊತ್ತಿಲ್ಲ. "ನೋಡೋಣ, ಇನ್ಯಾರಾದ್ರೂ ಬರ್ತಾರಾ ಅಂತ" ಎಂದು ಒಳಗೆ ಹೋದರು.

ಮೊದಲು ಬಂದವಳೇ ಭದ್ರಮ್ಮ. ಹೂವಿನ ಬುಟ್ಟಿ ತಲೆಯ ಮೇಲಿತ್ತು. ಒಂಟಿ ಹೆಂಗಸು ಗೋಡೆಗೆ ಅಂಟಿ ನಿಂತದ್ದು ನೋಡಿ, "ಏನ್ ಕೊಡ್ತಾರಮ್ಮಿ ಇಲ್ಲಿ? ಸೀಮೆಎಣ್ಣೆನಾ?" ಎಂದು ಕೇಳಿದಳು. ಹಾಡಿನ ಟಿಕೆಟ್ ಎಂದಾಗ ಬುಟ್ಟಿ ಕೆಳಗಿಳಿಸಿ, "ಕೇಳೇ ಬುಡಾನ" ಎಂದು ಹಿಂದೆ ನಿಂತಳು. ಆಮೇಲೆ ಹೆಬ್ಬೂರು ಬಸ್ಸಿನಿಂದ ಇಳಿದ ಇಬ್ಬರು ಡೈರಿ ಹೆಂಗಸರು, ನರ್ಸ್ ಒಬ್ಬಳು, ಕೊತ್ತಗೆರೆಯಿಂದ ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದ ತಾಯಿ. ಇಬ್ಬರು ಹೆಂಗಸರು ನಿಂತದ್ದು ಕಂಡರೆ ಮೂರನೆಯವಳಿಗೆ ಧೈರ್ಯ. ಸಾಲು ಬೆಳೆಯಿತು. ಸಾಲು ನಿಲ್ಲುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆ ಡಬ್ಬ ಇಟ್ಟು, ಚೀಲ ಇಟ್ಟು, ಚಪ್ಪಲಿ ಇಟ್ಟು ಜಾಗ ಕಾಯ್ದವರು ನಾವು. ಎಡಗಡೆ ನೂಕಾಟ ನಡೆದಿತ್ತು, ಬಲಗಡೆ ಒಬ್ಬಳು ನೀರು ಕುಡಿಯಲು ಹೋದರೆ ಅವಳ ಚೀಲ ಅವಳ ಜಾಗದಲ್ಲೇ ಇರುತ್ತಿತ್ತು.

ಷಡಕ್ಷರಿಯವರು ಹೇಳಿದ ಹಾಗೇ ಆಯಿತು. ಗಂಡಸರ ಸಾಲಿನ ಬಾಲದವರು ನಿಧಾನಕ್ಕೆ ಇತ್ತ ಬಂದರು. ಅಕ್ಕ, ತಂಗಿ, ಅಮ್ಮ ಎಂದು ಅವರಿಗೆ ಎಲ್ಲರೂ ಒಮ್ಮೆಲೇ ನೆಂಟರಾದರು. ಭದ್ರಮ್ಮ ಆಗಲೇ ಇಬ್ಬರಿಂದ ದುಡ್ಡು ಸೆರಗಿಗೆ ಕಟ್ಟಿಕೊಂಡಿದ್ದಳು. ಮೆಹತಾಬ್ ತಿರುಗಿ ನೋಡಿದಳು. "ಬಿಚ್ಚಿ ಭದ್ರಮ್ಮ. ಕೊಟ್ಬಿಡಿ. ನೀವೊಬ್ರು ತಗೊಂಡ್ರೆ ನಿಮ್ ಹಿಂದಿರೋರಿಗೆಲ್ಲ ಕಿಟಕಿ ಮುಚ್ಚುತ್ತೆ." ಭದ್ರಮ್ಮ ಬೈದುಕೊಂಡೇ ಗಂಟು ಬಿಚ್ಚಿದಳು. ಆಮೇಲೆ ಬಂದವರನ್ನು ಅವಳೇ ಮುಂದೆ ನಿಂತು ಓಡಿಸಿದಳಂತೆ. ಈ ಭಾಗ ಅವಳು ತುಂಬ ಸಂತೋಷದಿಂದ ಹೇಳುತ್ತಾಳೆ.

ಆ ಹೊತ್ತಿಗೆ ನಾನು ಬಂದೆ. ಕಿಟಕಿ ಇನ್ನೂ ತೆರೆದಿರಲಿಲ್ಲ. ಇಷ್ಟುದ್ದ ಹೆಂಗಸರ ಸಾಲು, ಅದರ ಮೊದಲಲ್ಲೇ ನನ್ನ ಗೆಳತಿ! ನಮ್ಮ ಕೆಲಸ ಆದ ಹಾಗೇ ಎಂದುಕೊಂಡು ಸೀದಾ ಮುಂದೆ ಹೋಗಿ ದುಡ್ಡು ಅವಳ ಕೈಗಿಟ್ಟೆ.

ಅವಳು ಅದನ್ನು ನನ್ನ ಕೈಗೇ ವಾಪಸು ಇಟ್ಟಳು. ಕಣ್ಣು ಮಾತ್ರ ಕೆಳಗಿತ್ತು. "ಹಿಂದೆ ಹೋಗಿ ನಿಂತ್ಕೊ ಮಾಲಿನಿ."

"ಏನಂದೆ?"

"ಒಬ್ರಿಗೆ ಒಂದೇ ಅಂತ ಹೇಳಿದೀನಿ. ಷಡಕ್ಷರಿ ಸಾರ್ ನೋಡ್ತಾವ್ರೆ. ಎಲ್ರೂ ನೋಡ್ತಾವ್ರೆ."

ನನಗೆ ಮೂಗಿನ ಮೇಲೇ ಕೋಪ. ಹತ್ತು ವರ್ಷದ ಸ್ನೇಹ, ಅವಳ ಮನೆಯ ಬಿರಿಯಾನಿ ತಿನ್ನದಿದ್ದರೂ ಅವಳ ಮನೆಯ ಶಾವಿಗೆ ಪಾಯಸಕ್ಕೆ ನಾನು ಮೊದಲ ಪಾಲುದಾರಳು. ನಮ್ಮ ಮನೆಯ ಹೋಳಿಗೆಗೆ ಅವಳು. ಅಷ್ಟು ಜನರ ಮುಂದೆ ಹಿಂದೆ ಹೋಗು ಎನ್ನುವುದೇ? ಏನೇನೋ ಅನ್ನಬೇಕೆಂದು ಬಾಯಿ ತೆರೆದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊತ್ತಗೆರೆಯ ಆ ತಾಯಿ ಚೀಲವನ್ನು ಎದೆಗವಚಿಕೊಂಡು ನೋಡುತ್ತಿದ್ದಳು, ಈಗ ಎಲ್ಲ ಮುಗಿಯಿತು ಎಂಬ ಹಾಗೆ. ನಾನು ಬಾಯಿ ಮುಚ್ಚಿಕೊಂಡು ಸಾಲಿನ ಕೊನೆಗೆ ಹೋದೆ. ಹೋಗುತ್ತಾ ಚಪ್ಪಲಿಯನ್ನು ಸ್ವಲ್ಪ ಜೋರಾಗಿಯೇ ಎಳೆದೆ.

ಕಿಟಕಿ ತೆರೆಯಿತು. ಷಡಕ್ಷರಿಯವರು ಎಡಗಡೆಗೊಂದು ಬಲಗಡೆಗೊಂದು ಎಂದು ಟಿಕೆಟ್ ಹರಿದು ಕೊಟ್ಟರು. ಮೊದಲ ಟಿಕೆಟ್ ಮೆಹತಾಬ್‌ಳದು. ಅದನ್ನು ಪರ್ಸಿಗೆ ಹಾಕಿಕೊಂಡು ಅವಳು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಗೋಡೆಯ ಪಕ್ಕ ನಿಂತು ಪ್ರತಿಯೊಬ್ಬಳೂ ಒಂದೇ ತೆಗೆದುಕೊಳ್ಳುವವರೆಗೆ ಕಾದಳು. ನನ್ನ ಮುಂದೆ ಇನ್ನೂ ನಾಲ್ಕೈದು ಜನರಿರುವಾಗ ಟಿಕೆಟ್ ಮುಗಿಯಿತು.

ಅವಳು ನನ್ನ ಹತ್ತಿರ ಬಂದಳು. ಮುಖ ಸಪ್ಪಗಾಗಿತ್ತು. ಪರ್ಸು ತೆರೆದು ಟಿಕೆಟ್ ತೆಗೆದು ನನ್ನ ಕಡೆ ಚಾಚಿದಳು. "ತಗೋ. ನೀನು ಹೋಗಿ ಕೇಳ್ಕೊಂಡು ಬಾ. ನಂಗೆ ಟೇಪ್ ಇದೆ."

ಆಗ ನನಗೆ ನಿಜವಾಗಿ ಸಿಟ್ಟು ಬಂತು. "ಯಾರ್ ನಿಂತಿರ್ತಾರೋ ಅವರಿಗೇ ಟಿಕೆಟ್ ಅಂತ ಊರಿಗೆಲ್ಲ ಭಾಷಣ ಮಾಡಿ ಈಗ ನನ್ನ ಕೈಗೆ ಕೊಡ್ತೀಯಾ? ಒಳಗಿಡು. ನಾನೇನು ಅಷ್ಟು ಗತಿಗೆಟ್ಟಿಲ್ಲ" ಎಂದು ಗದರಿದೆ. ಅವಳಿಗೆ ಅಳು ಬಂದಿತ್ತು, ನನಗೂ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಾ ಮಂಡಿಪೇಟೆಯವರೆಗೆ ನಡೆದೆವು. ಮನೆ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಅವಳು ನನಗೆ ಎರಡನೆಯ ಟಿಕೆಟ್ ತೆಗೆದುಕೊಟ್ಟಿದ್ದರೆ ನಾನು ಖುಷಿಯಿಂದ ಹೋಗಿ ಕೂರುತ್ತಿದ್ದೆ, ನಿಜ. ಆದರೆ ಅವಳ ಬಗ್ಗೆ ಇವತ್ತು ಇಷ್ಟು ಹೇಳುತ್ತಿರಲಿಲ್ಲ.

ಮರುವರ್ಷದ ಪೋಸ್ಟರಿನಲ್ಲಿ 'ಮಹಿಳೆಯರಿಗೆ ಪ್ರತ್ಯೇಕ ಸಾಲು, ಒಬ್ಬರಿಗೆ ಒಂದೇ ಟಿಕೆಟ್' ಎಂದು ಷಡಕ್ಷರಿಯವರೇ ಅಚ್ಚು ಹಾಕಿಸಿದರು. ಆ ವರ್ಷ ನನಗೂ ಟಿಕೆಟ್ ಸಿಕ್ಕಿತು. ಆಮೇಲೆ ಎರಡು ಸಾವಿರದ ಐದು, ಆರರಲ್ಲೂ ಉತ್ಸವದ ಟಿಕೆಟ್ಟಿಗೆ ಹುಡುಗಿಯರು ಸ್ಕೂಟಿ ನಿಲ್ಲಿಸಿ ಬಂದು ಬಲಗಡೆ ನಿಲ್ಲುತ್ತಿದ್ದರು. ಆ ಸಾಲನ್ನು ಶುರು ಮಾಡಿದವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಕೆಲವರು ಅವಳ ಹತ್ತಿರವೇ ರವಿಕೆ ಹೊಲಿಸುತ್ತಿದ್ದರು, ಹೊತ್ತಿಗೆ ಸರಿಯಾಗಿ ಕೊಡುವುದಿಲ್ಲ ಎಂದು ಬೈಯುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ಚೂಡಾಮಣಿ ಹಾಡಿದ ಆ ಸಂಜೆ ಉಮೇರ್ ಮತ್ತು ನಾನು ಅವಳನ್ನು ಸಭಾಂಗಣದ ಬಾಗಿಲವರೆಗೆ ಬಿಟ್ಟುಬರಲು ಹೋಗಿದ್ದೆವು. ಬಾಗಿಲಲ್ಲಿ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ಒಬ್ಬರು ನಿಂತಿದ್ದರು. ಗಂಡಸರು ಬಂದರೆ ಸುಮ್ಮನೆ ಟಿಕೆಟ್ ನೋಡಿ ಬಿಡುತ್ತಿದ್ದರು. ಹೆಂಗಸರು ಬಂದರೆ ಒಂದೇ ಪ್ರಶ್ನೆ, "ಯಾರ ಕಡೆಯವ್ರಮ್ಮ?" ವರ್ಷಾನುಗಟ್ಟಲೆ ಪಾಸು ಹಿಡಿದು ಬಂದವರನ್ನೇ ನೋಡಿದ ಬಾಯಿ, ಬೇರೆ ಏನು ಕೇಳೀತು? ನಮ್ಮ ಮುಂದಿದ್ದವಳು ಅಧ್ಯಕ್ಷರ ಕಡೆ ಎಂದಳು. ಅವಳ ಹಿಂದಿನವಳು ಖಜಾಂಚಿಯವರ ತಂಗಿ ಎಂದಳು. ಮೆಹತಾಬ್‌ಳ ಸರದಿ ಬಂತು.

"ಯಾರ ಕಡೆಯವ್ರಮ್ಮ?"

"ಯಾರ ಕಡೆಯೋಳೂ ಅಲ್ಲ ಸಾರ್. ಟಿಕೆಟ್ ತಗೊಂಡಿದೀನಿ."

ಅವರಿಗೆ ಅರ್ಥವಾಗಲಿಲ್ಲ. ಟಿಕೆಟ್ ನೋಡಿದರು, ಅವಳನ್ನು ನೋಡಿದರು, ಹಿಂದೆ ನಿಂತಿದ್ದ ಎತ್ತರದ ಉಮೇರ್ ಅವರನ್ನು ನೋಡಿ ಸಮಾಧಾನವಾಯಿತು. "ಓ, ಇವರ ಕಡೆಯವ್ರಾ?"

ಉಮೇರ್ ಮೆತ್ತಗಿನ ಮನುಷ್ಯ ಎಂದೆನಲ್ಲ. ಅವತ್ತು ಎದೆಯುಬ್ಬಿಸಿ, ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು. "ಅಲ್ಲ ಸಾರ್. ನಾನು ಅವಳ ಕಡೆಯೋನು."

"ನಾನೂನು" ಎಂದೆ ನಾನು.