ಮೂರನೆಯ ಭಾಗ ಬರುವ ಮುಂಚೆ

ನನ್ನ ಮಗಳು ಪಿಯುಸಿಗೆ ಸೇರಿದ ವರ್ಷ ನಮ್ಮ ಮನೆಗೆ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳು ಬರತೊಡಗಿದವು. ಕೊಂಡದ್ದಲ್ಲ, ಗೆಳತಿಯಿಂದ ಓದಲು ತಂದದ್ದು. ಆ ಗೆಳತಿಯ ತಂದೆಗೆ ಚಳ್ಳಕೆರೆಯಲ್ಲೇ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಪುಸ್ತಕಗಳ ಮುಖಪುಟದಲ್ಲಿ ಯಾವಾಗಲೂ ಒಂದು ಕತ್ತಿ, ಒಂದು ಕಿರೀಟ, ಗಾಳಿಗೆ ಕೂದಲು ಬಿಟ್ಟು ನಿಂತ ಒಬ್ಬ ಹುಡುಗಿ. ಊಟಕ್ಕೆ ಕರೆದರೆ ಮಗಳು ತಲೆ ಎತ್ತುತ್ತಿರಲಿಲ್ಲ.

"ಅಂಥಾದ್ದೇನೈತೆ ಅದರಾಗೆ?" ಎಂದು ಒಂದು ದಿನ ಕೇಳಿದೆ.

"ಹೇಳಿದ್ರೆ ನಗ್ತೀಯ ಅವ್ವ. ಬೇಕಾದ್ರೆ ಓದ್ಕೋ."

ನಾನು ನಿಜವಾಗಿ ಓದುತ್ತೇನೆಂದು ಅವಳು ಎಣಿಸಿರಲಿಲ್ಲ. ನಾನು ಮೊಳಕಾಲ್ಮುರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬರುವುದು. ಸುಮ್ಮನೆ ಕೂರುವ ಜೀವ ನನ್ನದಲ್ಲ. ಬಸ್ಸಿನಲ್ಲಿ ಕೂತರೆ ಸೀಟು ಬದಲಿಸುತ್ತೇನೆ, ಬ್ಯಾಗು ತೆಗೆದು ಮತ್ತೆ ಜೋಡಿಸುತ್ತೇನೆ, ಕಿಟಕಿ ಮುಚ್ಚುತ್ತೇನೆ, ಸೆಖೆ ಎಂದು ಮತ್ತೆ ತೆಗೆಯುತ್ತೇನೆ. ಕೈಗೊಂದು ಕೆಲಸವಾಗಲಿ ಎಂದು, ಮಗಳು ಏನು ಓದುತ್ತಾಳೆಂದು ತಿಳಿಯಲೂ ಆಗಲಿ ಎಂದು, ಮೊದಲ ಭಾಗವನ್ನು ಬ್ಯಾಗಿಗೆ ಹಾಕಿಕೊಂಡೆ.

ನೆಲದಡಿಯಲ್ಲಿ ಹರಿಯುವ ನೀರಿನ ಸದ್ದು ಕೇಳಿಸುವ ಒಬ್ಬ ಹುಡುಗಿಯ ಕಥೆ ಅದು. ಹದಿನಾರರ ಪ್ರಾಯ. ಅವಳು ಹಸುಗೂಸಾಗಿದ್ದಾಗಲೇ ತಾಯಿ ಹೊಳೆಪಾಲಾಗಿದ್ದಾಳೆ. ಸೋದರಮಾವನ ಮನೆಯಲ್ಲಿ ಬೆಳೆದ ಅವಳನ್ನು ರಾಜ ಹಿಡಿದುಕೊಂಡು ಹೋಗಲು ನೋಡುತ್ತಾನೆ, ಅವಳು ತಪ್ಪಿಸಿಕೊಳ್ಳುತ್ತಾಳೆ. ನನ್ನ ಇಂಗ್ಲಿಷು ನಿಧಾನದ್ದು, ಆದರೂ ಎರಡು ವಾರದಲ್ಲಿ ಮೊದಲ ಭಾಗ ಮುಗಿಯಿತು. ಎರಡನೆಯದು ಅದಕ್ಕಿಂತ ಬೇಗ.

ಓದುತ್ತ ಓದುತ್ತ ಪುಸ್ತಕದ ಜೊತೆ ಜಗಳವೂ ಬೆಳೆಯಿತು. ಆ ಹುಡುಗಿ ಮೂರು ದಿನ ಕುದುರೆಯ ಮೇಲೆ ಹೋಗುತ್ತಾಳೆ, ಕುದುರೆಗೆ ನೀರು ಕುಡಿಸಿದ ಮಾತೇ ಇಲ್ಲ. ಕಾಡಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಒಬ್ಬರೂ ಒಲೆ ಹಚ್ಚುವುದಿಲ್ಲ. ಒಣ ರೊಟ್ಟಿ ಎಲ್ಲಿಂದಲೋ ಬರುತ್ತದೆ. ಕಾಳಗವಾದಾಗಲೆಲ್ಲ ಅವಳು ಮೂರ್ಛೆ ಹೋಗಿ ಮೆತ್ತನೆಯ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಇಬ್ಬರು ಹುಡುಗರು ಅವಳನ್ನು ಪ್ರೀತಿಸುತ್ತಾರೆ. ಯಾರನ್ನು ಒಪ್ಪಬೇಕೆಂದು ಅವಳು ಯೋಚಿಸುವ ಹೊತ್ತಿನಲ್ಲಿ ಅರ್ಧ ರಾಜ್ಯ ಸುಟ್ಟು ಹೋಗಿರುತ್ತದೆ. ಇದನ್ನೆಲ್ಲ ಮಗಳ ಮುಂದೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆಯದಕ್ಕೆ.

"ನೀನು ತಂದ ಪುಸ್ತಕಗಳಾಗೆಲ್ಲಾ ತಾಯಿ ಯಾಕೆ ಸತ್ತಿರ್ತಾಳೆ?" ಎಂದು ಕೇಳಿದೆ. ಅಷ್ಟು ಹೊತ್ತಿಗೆ ಅವಳ ಕಪಾಟಿನ ಇನ್ನೂ ನಾಲ್ಕಾರು ಪುಸ್ತಕಗಳ ಆರಂಭ ನೋಡಿದ್ದೆ. ಒಂದರಲ್ಲಿ ಜ್ವರ, ಒಂದರಲ್ಲಿ ಬೆಂಕಿ, ಒಂದರಲ್ಲಿ ಕಾರಣವನ್ನೂ ಹೇಳಿರಲಿಲ್ಲ.

"ಅವ್ವ ಇದ್ರೆ ಕಥೆ ಎಲ್ಲಿ ನಡೀತೈತೆ? ಬಾಗ್ಲು ದಾಟೋಕೇ ಬಿಡಲ್ಲ. ನೀನು ನನ್ನ ಚಿತ್ರದುರ್ಗಕ್ಕೆ ಒಬ್ಬಳನ್ನೇ ಕಳಿಸ್ತೀಯಾ?"

ಆ ಮಾತು ನನ್ನನ್ನು ಕುಟುಕಿತು. ಬರೆಯುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಮಗುವನ್ನು ಹೊರಡಿಸಬೇಕಾದರೆ ತಾಯಿಯನ್ನು ಕೊಂದುಬಿಡುವುದು ಎಂದು ವಾದಿಸಿದೆ. ಮಗಳು ಭುಜ ಕುಣಿಸಿ ಒಳಗೆ ಹೋದಳು.

ಇದೇ ಹೊತ್ತಿನಲ್ಲಿ ಶಾಲೆಯಲ್ಲೊಂದು ಸಂಗತಿ ನಡೆದಿತ್ತು. ಒಂದು ಶನಿವಾರ ಗಣಿತದ ಮೇಷ್ಟ್ರು ರಜೆ ಹಾಕಿದ್ದರಿಂದ ಎಂಟನೆಯ ಕ್ಲಾಸಿಗೆ ನಾನು ಹೋಗಬೇಕಾಯಿತು. ಪಾಠ ಮಾಡುವ ಮನಸ್ಸಿರಲಿಲ್ಲ, ಆ ನೀರಿನ ಹುಡುಗಿಯ ಕಥೆ ಶುರು ಮಾಡಿದೆ. ನೆಲಕ್ಕೆ ಕಿವಿಯಿಟ್ಟು ನೀರು ಎಲ್ಲಿದೆ ಎಂದು ಹೇಳುತ್ತಾಳೆ ಎನ್ನುತ್ತಿದ್ದಂತೆ ಒಬ್ಬ ಹುಡುಗ ಎದ್ದು ನಿಂತ.

"ನಮ್ಮ ಮಾವನೂ ಹೇಳ್ತಾನೆ ಮಿಸ್, ತೆಂಗಿನಕಾಯಿ ಅಂಗೈ ಮೇಲೆ ಇಟ್ಕಂಡು. ಬೋರಿಗೆ ಪಾಯಿಂಟ್ ಮಾಡ್ತಾನೆ."

ಕ್ಲಾಸು ಗೊಳ್ಳೆಂದಿತು. ಅಲ್ಲಿಂದ ಆ ಕಥೆ ಅವರದಾಯಿತು. ಪ್ರತಿ ಶನಿವಾರದ ಕೊನೆಯ ಪಿರಿಯಡ್ಡು ಅದಕ್ಕೇ ಮೀಸಲು. ಆ ಮಕ್ಕಳಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು. ನಾನು ನಿಲ್ಲಿಸಿದರೆ ಸಾಕು, "ಆಮೇಲೆ? ಏನಾಯ್ತು? ಏಮೈಂದಿ ಮಿಸ್?" ಎಂದು ಎರಡೂ ಭಾಷೆಯಲ್ಲಿ ಕೂಗು. ಎಲ್ಲರಿಗಿಂತ ಮುಂಚೆ ಕೇಳುತ್ತಿದ್ದವಳು ಕಿಟಕಿಯ ಪಕ್ಕದ ಒಂದು ಸಣಕಲು ಹುಡುಗಿ. ನೇಕಾರರ ಮನೆಯವಳು, ತಾಯಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಅಜ್ಜಿಯ ಜೊತೆ ಇದ್ದಳು. ಅದು ನನಗೆ ಗೊತ್ತಿತ್ತು.

ಎರಡು ಭಾಗಗಳು ಮುಗಿದವು. ಎರಡನೆಯ ಭಾಗದ ಕೊನೆಗೆ ಹುಡುಗಿ ಶತ್ರುಗಳ ಪಟ್ಟಣದ ಬಾಗಿಲಲ್ಲಿ ನಿಂತಿದ್ದಾಳೆ. ಮೂರನೆಯದು ಮಗಳ ಗೆಳತಿಯ ಬಳಿ ಇತ್ತು, ಅವಳಿನ್ನೂ ಓದಿ ಮುಗಿಸಿರಲಿಲ್ಲ. ಶನಿವಾರ ಬಂತು. ಮಕ್ಕಳು ಬೆಂಚಿನ ತುದಿಗೆ ಬಂದು ಕೂತಿದ್ದರು. ಮುಂದಿನದು ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಬಾಗಿಲು ತೆರೆಯಿತು ಎಂದೆ. ಒಳಗೊಂದು ಛತ್ರ ಎಂದೆ. ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು ತಿರುಗಿ ನೋಡಿದಳು, ಅವಳೇ ಈ ಹುಡುಗಿಯ ತಾಯಿ, ಹೊಳೆಯಲ್ಲಿ ಸತ್ತಿರಲೇ ಇಲ್ಲ ಎಂದುಬಿಟ್ಟೆ.

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕಿಟಕಿಯ ಕಡೆ ನೋಡಿದೆ. ಆ ಹುಡುಗಿ ಪೆನ್ನಿನ ಕ್ಯಾಪು ಹಾಕುವುದು ತೆಗೆಯುವುದು ಮಾಡುತ್ತಿದ್ದಳು.

ಅಂದು ಬಸ್ಸಿನಲ್ಲಿ ನನಗೆ ಹೆಮ್ಮೆ. ಮುಂದಿನ ಶನಿವಾರ ಕಥೆಯಲ್ಲಿ ತಾಯಿ ಮಗಳಿಗೆ ಬಿಸಿ ಮುದ್ದೆ ಬಡಿಸಿದಳು, ತಲೆ ಬಾಚಿದಳು, ಕುದುರೆಗೆ ನೀರಿಟ್ಟಳು. ಅದರ ಮುಂದಿನ ಶನಿವಾರ ಮಗಳು ಶತ್ರುಗಳ ಕೋಟೆಗೆ ಹೊರಟರೆ ತಾಯಿ ಬೇಡವೆಂದಳು. ನಾನೆಷ್ಟು ಪ್ರಯತ್ನಿಸಿದರೂ ಆ ತಾಯಿಯ ಬಾಯಲ್ಲಿ "ಹೋಗು" ಎಂಬ ಮಾತು ಬರಲೊಲ್ಲದು. ಮಕ್ಕಳು ಆಕಳಿಸತೊಡಗಿದರು.

"ಮಿಸ್, ಯುದ್ಧ ಯಾವಾಗ ಮಾಡ್ತಾರೆ?" ಎಂದ ಬೋರ್‌ವೆಲ್ ಮಾವನ ಹುಡುಗ.

ಕಿಟಕಿಯ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ತಾಯಿ ಬಂದ ದಿನದಿಂದ ಅವಳ "ಏಮೈಂದಿ" ನಿಂತುಹೋಗಿತ್ತು. ನನಗೆ ಒಳಗೇ ಕಸಿವಿಸಿ. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಕೆರಳಿದಳು.

"ಕಥೇನೇ ಕೆಡಿಸಿದ್ಯಲ್ಲ ಅವ್ವ! ಬರ್ದೋರು ಹಂಗೆ ಬರ್ದಿಲ್ಲ ಅಂತ ನಿಂಗೆ ಗೊತ್ತೈತಾ?"

"ಅವರು ಹೆಂಗೆ ಬರ್ದವ್ರೆ ಅಂತ ನಿಂಗೂ ಗೊತ್ತಿಲ್ಲ. ಮೂರನೇದು ಎಲ್ಲೈತೆ?"

ಮರುದಿನ ತಡೆಯಲಾರದೆ ನಾನೇ ಗ್ಯಾರೇಜಿಗೆ ಹೋದೆ. ಗೆಳತಿಯ ತಂದೆ ಟ್ರ್ಯಾಕ್ಟರಿನ ಅಡಿಯಿಂದ ಎಣ್ಣೆ ಕೈಯಲ್ಲೇ ಎದ್ದು ಬಂದರು. ಮಗಳು ಏನಾದರೂ ತಪ್ಪು ಮಾಡಿದಳೇ ಎಂದು ಅವರಿಗೆ ಗಾಬರಿ. ಪುಸ್ತಕ ಬೇಕಾಗಿತ್ತು ಎಂದೆ.

"ಅರೇ ಮೇಡಂ, ನಿಮ್ಗೂ ಹತ್ತಿತಾ ಇದು?" ಎಂದು ಜೋರಾಗಿ ನಕ್ಕರು. "ನಮ್ಮ ಹುಡುಗಿ ನಾಷ್ಟಾಕ್ಕೂ ಏಳ್ತಿಲ್ಲ ಅದನ್ನ ಹಿಡ್ಕೊಂಡು. ಕೊನೇ ಪೇಜಿನಾಗೆ ಅವ್ಳೆ. ಸಂಜಿಗೆ ನಾನೇ ಕಳಿಸ್ತೀನಿ, ಹೋಗ್ರಿ."

ಸಂಜೆ ಪುಸ್ತಕ ಬಂತು. ಮಗಳಿಗೂ ನನಗೂ ಯಾರು ಮೊದಲು ಓದಬೇಕೆಂದು ವಾಗ್ವಾದವಾಗಿ, ಕೊನೆಗೆ ಆ ವಾರವಿಡೀ ಸೋಫಾದ ಮೇಲೆ ಒತ್ತಿಕೊಂಡು ಕೂತು ಒಟ್ಟಿಗೆ ಓದಿದೆವು. ಅವಳು ಪುಟ ಮುಗಿಸಿ ನನಗಾಗಿ ಕಾಯುತ್ತ ಕಾಲು ಅಲ್ಲಾಡಿಸುತ್ತಿದ್ದಳು. ಮೂರನೆಯ ಭಾಗದಲ್ಲಿ ಛತ್ರವೂ ಇಲ್ಲ, ತಾಯಿಯೂ ಇಲ್ಲ. ಹುಡುಗಿ ಕೊನೆಗೆ ತಾಯಿ ಮುಳುಗಿದ ಹೊಳೆಗೆ ಬರುತ್ತಾಳೆ, ನೀರಿಗೆ ಕಿವಿಗೊಟ್ಟು ನಿಲ್ಲುತ್ತಾಳೆ, ತಾಯಿಯ ದನಿಯೇನೂ ಕೇಳಿಸುವುದಿಲ್ಲ. ಸೈನ್ಯ ಕಾಯುತ್ತಿರುತ್ತದೆ, ಅವಳು ಅತ್ತ ನಡೆದುಬಿಡುತ್ತಾಳೆ. ಅಷ್ಟೇ. ಅದಕ್ಕೆ ಒಂದು ಪುಟವೂ ಇಲ್ಲ. ನಾನು ಪುಸ್ತಕ ಮಗಳ ಕೈಗೆ ಕೊಟ್ಟು ಎದ್ದು ಹಿತ್ತಲಿನಲ್ಲಿ ಓಡಾಡಿ ಬಂದೆ.

ಶನಿವಾರ ಕ್ಲಾಸಿನಲ್ಲಿ ಎಲ್ಲ ಹೇಳಿಬಿಟ್ಟೆ. ಪುಸ್ತಕ ಸಿಕ್ಕಿರಲಿಲ್ಲ, ತಾಯಿಯನ್ನು ಬದುಕಿಸಿದ್ದು ನಾನು, ನಿಜವಾದ ಕಥೆಯಲ್ಲಿ ಅವಳಿಲ್ಲ. ನಿಮಗೆ ಯಾವುದು ಬೇಕು ಹೇಳಿ ಎಂದೆ. ಗದ್ದಲವೆದ್ದಿತು. ತಾಯಿ ಇರಲಿ, ಯುದ್ಧವೂ ಇರಲಿ ಎಂದರು ಕೆಲವರು. ಆಗ ಕಿಟಕಿಯ ಹುಡುಗಿ ಕೈಯೆತ್ತಿದಳು.

"ಪುಸ್ತಕದಾಗೆ ಇರೋದೇ ಹೇಳ್ರಿ ಮಿಸ್."

"ಯಾಕಮ್ಮ? ತಾಯಿ ಸಿಕ್ಕಿದ್ದು ಚೆನ್ನಾಗಿರ್ಲಿಲ್ವಾ?"

"ಮೊದ್ಲು ಆ ಹುಡುಗಿ ನನ್ ಥರಾ ಇದ್ಲು. ಅಮ್ಮ ಸಿಕ್ಕಿದ್ ಮೇಲೆ ಎಲ್ಲಾರ ಥರ ಆಗ್ಬಿಟ್ಲು."

ನಾನು ಬೋರ್ಡಿನ ಕಡೆ ತಿರುಗಿ, ಏನೂ ಬರೆದಿರದಿದ್ದರೂ ಡಸ್ಟರಿನಿಂದ ಒರೆಸಿದೆ. ನಂತರ ಶತ್ರುಪಟ್ಟಣದ ಬಾಗಿಲಿನಿಂದ ಮತ್ತೆ ಶುರು ಮಾಡಿದೆ. ಬಾಗಿಲು ತೆರೆಯಿತು, ಒಳಗೆ ಅವಳ ಗುರುತಿನವರು ಯಾರೂ ಇರಲಿಲ್ಲ ಎಂದೆ. "ಆಮೇಲೆ?" ಎಂದಿತು ಕಿಟಕಿಯ ಕಡೆಯ ದನಿ.

ಮನೆಗೆ ಬಂದು ಕಿಟಕಿಯ ಹುಡುಗಿಯ ಮಾತನ್ನು ಮಗಳಿಗೆ ಹೇಳಿದೆ. ಗೆದ್ದೆನೆಂದು ಅವಳು ಕುಣಿಯಬಹುದೆಂದುಕೊಂಡಿದ್ದೆ. ಕುಣಿಯಲಿಲ್ಲ, ನನ್ನ ಪಕ್ಕಕ್ಕೆ ಬಂದು, "ಹಂಗಂದ್ಲಾ?" ಎಂದು ಎರಡು ಸಲ ಕೇಳಿದಳು. ಈ ಬಗೆಯ ಪುಸ್ತಕಗಳ ಮೇಲಿನ ನನ್ನ ತಕರಾರು ಈಗಲೂ ಹೋಗಿಲ್ಲ. ತಾಯಂದಿರನ್ನು ಹೀಗೆ ಸಾಲಾಗಿ ಸಾಯಿಸುವುದು ಬರೆಯುವವರ ಸೋಮಾರಿತನವೇ ಎಂದು ಮಗಳೊಂದಿಗೆ ಇಂದಿಗೂ ಜಗಳವಾಡುತ್ತೇನೆ. ಆದರೆ ಆ ಪುಟಗಳನ್ನು ಯಾರು ಯಾವ ಮನೆಯಲ್ಲಿ ಕೂತು ಓದುತ್ತಿದ್ದಾರೋ ಎಂಬ ಯೋಚನೆ ನಡುವೆ ಬಂದು, ವಾದ ಅರ್ಧಕ್ಕೇ ನಿಲ್ಲುತ್ತದೆ.

ವರ್ಷದ ಕೊನೆಯಲ್ಲೊಂದು ಸಂಜೆ ಬಸ್ಸಿಗೆ ಓಡುತ್ತಿದ್ದಾಗ ಶಾಲೆಯ ನೀರಿನ ಟ್ಯಾಂಕಿನ ಬಳಿ ಪಕ್ಕದ ಪ್ರೈಮರಿ ಶಾಲೆಯ ಚಿಕ್ಕ ಮಕ್ಕಳ ಗುಂಪು ಕಂಡಿತು. ನಡುವೆ ಕಿಟಕಿಯ ಹುಡುಗಿ ಕೂತು ತೆಲುಗಿನಲ್ಲಿ ಇದೇ ಕಥೆ ಹೇಳುತ್ತಿದ್ದಳು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಹೊಳೆಯ ಭಾಗಕ್ಕೆ ಬಂದಿದ್ದಳು. ಪುಸ್ತಕದಲ್ಲಿ ಅರೆಪುಟವಿದ್ದ ಜಾಗದಲ್ಲಿ ಅವಳು ಆತುರವಿಲ್ಲದೆ ಹೊತ್ತು ಕಳೆಯುತ್ತಿದ್ದಳು, ನೀರು ಹರಿಯುವ ಸದ್ದನ್ನು ಬಾಯಿಂದ ಮಾಡುತ್ತ, ನೆಲಕ್ಕೆ ಕಿವಿಯಿಟ್ಟು ತೋರಿಸುತ್ತ. ಪೂರ್ತಿ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರನ್ ಹಾಕಿತು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.